ಗಾಜಿನ ಪಟ್ಟಿ

ಗಣಿ ಇಲಾಖೆಯವನು ಬಂದದ್ದು ಸುಗ್ಗಿ ಮುಗಿದ ಮೇಲೆ,
ಪಾಂಡವಪುರದ ಕಡೆಯಿಂದ, ಬಾಡಿಗೆ ಜೀಪಿನಲ್ಲಿ.
ನಮ್ಮ ನಡುಮನೆಯ ಗೋಡೆಗೆ ಬಿರುಕಿತ್ತು,
ದೀಪದ ಗೂಡಿನಿಂದ ಹೊರಟು ಬಾಗಿಲ ಚೌಕಟ್ಟಿನವರೆಗೆ.
ಅದರೊಳಗೆ ನಾನು ಬಳಪ ಬಚ್ಚಿಡುತ್ತಿದ್ದೆ.
ಅವನು ಬೊಗಸೆ ಸಿಮೆಂಟು ಕಲಸಿ
ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿದ.
ಗೇಣುದ್ದ. ಮೇಲೆ ಕೆಂಪು ಬಣ್ಣದಲ್ಲಿ ತಾರೀಖು.
'ಗೋಡೆ ಅಲುಗಿದರೆ ಇದು ಒಡೆಯುತ್ತೆ,
ಒಡೆದರೆ ಕ್ವಾರಿ ನಿಲ್ಲುತ್ತೆ,
ಆರು ತಿಂಗಳಿಗೆ ಬಂದು ನೋಡ್ತೀನಿ' ಅಂದ.
ಮಜ್ಜಿಗೆ ಕುಡಿದ. ಹೋದ.

ಅಪ್ಪ ಅದೇ ಕ್ವಾರಿಯಲ್ಲಿ ಜಾಕ್‌ಹ್ಯಾಮರ್ ಹಿಡಿಯುತ್ತಿದ್ದ.

ದಿನಕ್ಕೆರಡು ಸಲ ಸೈರನ್ನು,
ಮಧ್ಯಾಹ್ನ ಒಂದಕ್ಕೆ, ಸಂಜೆ ಐದೂವರೆಗೆ.
ಊರಿಗೆ ಊರೇ ಎದ್ದು
ಅಟ್ಟದ ಪಾತ್ರೆ ಕೆಳಗಿಳಿಸುವುದು,
ತೊಟ್ಟಿಲ ಕೂಸನ್ನು ಎತ್ತಿಕೊಳ್ಳುವುದು,
ಮೇಷ್ಟ್ರು ಮಗ್ಗಿಯನ್ನು ಹದಿಮೂರೇಳ್ಲ ತೊಂಬತ್ತೊಂದಕ್ಕೆ ನಿಲ್ಲಿಸಿ
ಕಿವಿ ಮುಚ್ಚಿಕೊಳ್ಳುವುದು.
ಆಮೇಲೆ ನೆಲದೊಳಗಿಂದ ಒಂದು ಗುದ್ದು.
ಆಮೇಲೆ ಧೂಳು.
ಕಬ್ಬಿನ ಗರಿಯ ಮೇಲೆ, ಎಮ್ಮೆಯ ರೆಪ್ಪೆಯ ಮೇಲೆ,
ಡೈರಿಯ ಕ್ಯಾನಿನ ಮುಚ್ಚಳದ ಮೇಲೆ.

ಅವ್ವ ಮಾತ್ರ ಪಾತ್ರೆಯನ್ನೂ ಬಿಟ್ಟು, ನನ್ನನ್ನೂ ಬಿಟ್ಟು
ಓಡಿ ಹೋಗಿ ಗಾಜಿನ ಮೇಲೆ ಅಂಗೈ ಇಡುತ್ತಿದ್ದಳು,
ಮಗುವಿನ ಜ್ವರ ನೋಡುವ ಹಾಗೆ.
'ಮುಟ್ಟೀಯ ಜೋಕೆ,
ಅದೊಡುದ್ರೆ ನಿಮ್ಮಪ್ಪನ್ ಕೂಲಿ ಒಡೀತದೆ.'

ಬೇಲಿಯಾಚೆ ನಿಂಗಾಜಮ್ಮ.
ಅವಳ ಬೋರ್‌ವೆಲ್ಲು ಎರಡು ಸಲ ಕುಸಿದಿತ್ತು.
ಗಾಜು ಒಡೀಲಿ ಅಂತ ಮಾರಿಗುಡಿಗೆ ಹರಕೆ ಹೊತ್ತಿದ್ದಳು;
ಒಡೆಯದಿರಲಿ ಅಂತ ಅದೇ ಗುಡಿಗೆ ಅವ್ವ.
ಹಬ್ಬಕ್ಕೆ ಕಜ್ಜಾಯ ಮಾತ್ರ
ಬೇಲಿಯ ಆಚೆಗೂ ಈಚೆಗೂ ಹೋಗಿಬರುತ್ತಲೇ ಇತ್ತು.

ಹಟ್ಟಿಯ ತುದಿಯ ತಿಮ್ಮಬೋವಿ ಹೇಳುತ್ತಿದ್ದ:
'ಕಲ್ಗೂ ಎಳೆ ಅದೆ ಕೂಸೇ, ಬಟ್ಟೆಗಿದ್ದಂಗೆ.
ಬೆರಳಾಡ್ಸಿ, ಕೇಳಿ, ಆಮ್ಯಾಕೆ ಉಳಿ ಮಡಗ್ಬೇಕು.'
ಕೇಳಿ ಒಡೆಯುತ್ತಿದ್ದವನೂ
ಈಗ ಕ್ರಷರಿನ ಬಾಯಿಗೆ ಬುಟ್ಟಿ ಸುರಿಯುತ್ತಿದ್ದ.

ಆರು ತಿಂಗಳಾಯಿತು. ಗಾಜು ಒಡೆಯಲಿಲ್ಲ.
ಬಿರುಕೇ ಬುದ್ಧಿ ಕಲಿತಿತ್ತು,
ಗಾಜಿನ ಹತ್ತಿರ ಬಂದು, ಬದಿಗೆ ಸರಿದು,
ಬಳಸಿಕೊಂಡು ಮೇಲೆ ಹೋಗಿತ್ತು.
ಒಂದು ಬೆಳಿಗ್ಗೆ ನನ್ನ ಬಳಪ
ಗೋಡೆಯ ಆಚೆ, ಕೊಟ್ಟಿಗೆಯ ನೆಲದಲ್ಲಿ ಬಿದ್ದಿತ್ತು.

ಅಪ್ಪನ ಕೆಮ್ಮು ಆ ವರ್ಷ ಬೇಸಿಗೆಯಲ್ಲೂ ನಿಲ್ಲಲಿಲ್ಲ.
ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು
ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದರು.
ಎದೆಗೂಡಿನೊಳಗೆ ಬೆಳ್ಳಗೆ ಜಲ್ಲಿ,
ಇಪ್ಪತ್ತು ಎಂಎಂ ಅಲ್ಲ, ಅದಕ್ಕೂ ಸಣ್ಣದು, ಎಂ-ಸ್ಯಾಂಡು.
ಕ್ವಾರಿಯ ರೈಟರು ಪುಸ್ತಕದಲ್ಲಿ ಟೀಬಿ ಅಂತ ಬರೆದುಕೊಂಡ.

ಬಸ್ಸಿಳಿದು ಮನೆಗೆ ಬಂದಾಗ ಐದೂವರೆ.
ಸೈರನ್ನಾಯಿತು.
ಅವ್ವ ಏಳಲಿಲ್ಲ.
ಅಟ್ಟದಿಂದ ಹಿತ್ತಾಳೆ ಚೊಂಬು ಉರುಳಿತು, ಎತ್ತಲಿಲ್ಲ.
ಧೂಳು ಕೂತ ಮೇಲೆ ಒರಳಿನ ಗುಂಡು ತಂದಳು,
ಅದೂ ಅದೇ ಬೆಟ್ಟದ ಕಲ್ಲು,
ಒಂದೇ ಏಟು.

ನಿಂಗಾಜಮ್ಮ ಸದ್ದಿಗೆ ಓಡಿ ಬಂದವಳು
ಗೋಡೆ ನೋಡಿದಳು, ಅಪ್ಪನನ್ನು ನೋಡಿದಳು.
ಹರಕೆಯ ಮಾತೆತ್ತಲಿಲ್ಲ.
ಕುಕ್ಕುರುಗಾಲಲ್ಲಿ ಕೂತು, ನನ್ನ ಕಾಲಿಗೆ ಚುಚ್ಚದಂತೆ,
ಚೂರುಗಳನ್ನು ಸೆರಗಿಗೆ ಆಯ್ದುಕೊಂಡಳು.

ಜೀಪು ಮತ್ತೆ ಬರಲಿಲ್ಲ.
ಬೆಟ್ಟ ಮುಗಿದ ಮೇಲೆ ಕ್ವಾರಿ ತಾನಾಗಿ ನಿಂತಿತು.
ಹೋದ ವರ್ಷ ಪರಿಹಾರಕ್ಕೆಂದು ಮಂಡ್ಯಕ್ಕೆ ಹೋದಾಗ
ಗುಮಾಸ್ತೆ ಹಳೇ ಕಡತ ಬಿಚ್ಚಿ, ಬೆರಳಿಟ್ಟು ಓದಿದಳು:
'ಮನೆ ನಂಬರು ನಲವತ್ತೇಳು.
ಗಾಜು ಸುಸ್ಥಿತಿಯಲ್ಲಿದೆ.'
ಕೆಳಗೆ ಸಹಿ.